ಅದಲುಬದಲಾದ ರಾಜಕುಮಾರ

ದೊರೆಗೆ ದಾಸಿಯಲ್ಲಿ ಹುಟ್ಟಿದ ಗ್ಯೊಮ್‌ಸುವಿಗಿದ್ದ ಗತ್ತು ಕೊರಿಯಾದ ನಮ್ಮ ಹಾನ್‌ಯಾಂಗ್ ಅರಮನೆಯಲ್ಲಿ ಸ್ವತಃ ದೊರೆಗೂ ಇರಲಿಲ್ಲ. ಅಡುಗೆಮನೆಯ ಹೆಂಗಸರಾದ ನಾವು ಬಾಗಿ ನಮಸ್ಕರಿಸಿದರೆ, "ಇನ್ನೂ ಬಗ್ಗೇ, ಸೊಂಟಕ್ಕೆ ಕೋಲು ಕಟ್ಕೊಂಡಿದೀಯಾ?" ಎನ್ನುತ್ತಿದ್ದ. ಹುಳಿ ಬರಿಸಿದ ಮೂಲಂಗಿ ಉಪ್ಪಿನಕಾಯಿ ಕಿಮ್ಚಿ ಬಡವರ ವಾಸನೆಯೆಂದು ಮೂಗು ಮುಚ್ಚಿಕೊಳ್ಳುತ್ತಿದ್ದವನು ನಾವು ಅತ್ತ ತಿರುಗಿದರೆ ಸಾಕು, ಜಾಡಿಗೇ ಕೈ ಹಾಕುತ್ತಿದ್ದ. ಕುಡಿದಾಗಲಂತೂ ಗೆಳೆಯರೆದುರು ಒಂದೇ ಮಾತು: "ನನ್ನ ಹೆತ್ತಿದ್ದು ಪಟ್ಟದ ರಾಣೀನೇ ಕಣ್ರೋ! ಯುವರಾಜನ್ನೂ ನನ್ನೂ ತೊಟ್ಟಿಲಲ್ಲೇ ಅದಲುಬದಲು ಮಾಡಿದಾರೆ." ಆ ಮಾತು ರಾಣಿಯ ಕಿವಿಗೆ ಬಿತ್ತು. ಯುವರಾಜನ ಪಟ್ಟಕ್ಕೇ ಕಣ್ಣು ಹಾಕಿದ ದ್ರೋಹವೆಂದು ವಿಚಾರಣೆ ನಡೆಯಿತು. ಕನಿಕರದ ಮುದಿ ಮಂತ್ರಿಯೊಬ್ಬ, ಅವನನ್ನು ಹೆತ್ತೂ ಇನ್ನೂ ಅರಮನೆಗೆ ನೀರು ಹೊರುತ್ತಿದ್ದ ಒಕ್‌ಬುನ್‌ಳನ್ನು ಕರೆಸಿ ನಿಲ್ಲಿಸಿದ. "ಇವಳೇ ನನ್ನ ತಾಯಿ ಅಂತ ಒಂದು ಸಲ ಅಂದ್ಬಿಡಿ ಕುಮಾರರೇ, ಬಿಟ್ಬಿಡ್ತೀವಿ." ಗ್ಯೊಮ್‌ಸು ಅವಳ ಒಡೆದ ಅಂಗೈ ನೋಡಿ ಮುಖ ತಿರುಗಿಸಿದ: "ಈ ಹೆಂಗಸು ಯಾರೋ ನಂಗೊತ್ತಿಲ್ಲ." ದೂರದ ದ್ವೀಪಕ್ಕೆ ಗಡೀಪಾರಾಯಿತು. ಜೊತೆಗೆ ಕುಡಿದವರಲ್ಲಿ ಒಬ್ಬನೂ ಬೀಳ್ಕೊಡಲು ದಡಕ್ಕೆ ಬರಲಿಲ್ಲ. ಒಕ್‌ಬುನ್ ಮಾತ್ರ ಬಟ್ಟೆಗಂಟು ಹಿಡಿದು ದೋಣಿ ಹತ್ತಿದಳು. "ನೀನು ಇವರಿಗೇನಾಗ್ಬೇಕಮ್ಮಾ?" ಎಂದು ಅಂಬಿಗ ಕೇಳಿದ. "ಏನೂ ಆಗ್ಬೇಕಿಲ್ಲಪ್ಪಾ, ನೀರಿನವಳು. ಕುಮಾರರಿಗೆ ಬಾವೀಲಿ ನೀರು ಸೇದೋಕೆ ಬರಲ್ಲ."