ಲೇಹ್‌ನ ಮೂರನೇ ಸೆಟ್

ಮುನಿರಾಬಾದಿನ ನೀರಾವರಿ ಕಾಲೊನಿಯ ಟೆನಿಸ್ ಅಂಕಣದಲ್ಲಿ ನಾನೀಗಲೂ ಸಂಜೆ ಆಡುತ್ತೇನೆ. ಚೆಂಡು ಗೆರೆಯಾಚೆ ಬೀಳುವಂತಿದ್ದರೆ ಹಿಂದಿನಿಂದ ‘ಬಿಡ್ರಿ’ ಎಂಬ ದನಿ ಕೇಳಿಸುತ್ತದೆ. ಈಗಿನ ಜೊತೆಗಾರ, ಪಾಪ, ತುಟಿ ಬಿಚ್ಚಿರುವುದಿಲ್ಲ. ಮೊದಲಾದರೆ ತಿರುಗಿ ನೋಡುತ್ತಿದ್ದೆ, ಈಗ ನೋಡುವುದಿಲ್ಲ.

ದನಿ ನಮ್ಮ ಕಚೇರಿಯ ಎಂಜಿನಿಯರರದು. ನಾನು ಅಲ್ಲೇ ಗುಮಾಸ್ತ. ಕಚೇರಿಯಲ್ಲಿ ಅವರು ಸಾಹೇಬರು, ಅಂಕಣಕ್ಕಿಳಿದರೆ ಅಣ್ಣಾರು. ಹದಿನಾರು ವರ್ಷ ಜೋಡಿಯಾಗಿ ಆಡಿದೆವು. ಗಂಗಾವತಿಯಲ್ಲಿ ಸೋತೆವು, ಕೊಪ್ಪಳದಲ್ಲೂ ಸೋತೆವು. ಐವತ್ತು ದಾಟಿದ ನೌಕರರಿಗೆ ಲೇಹ್‌ನಲ್ಲಿ ಪಂದ್ಯವಿದೆ ಎಂದು ಗೊತ್ತಾದಾಗ ಅವರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಬೆನ್ನು ಹತ್ತಿ ಒಪ್ಪಿಸಿದವನು ನಾನು. ಸಾಯುವುದರೊಳಗೆ ಒಂದು ಕಪ್ಪಾದರೂ ಗೆಲ್ಲಬೇಕೆಂಬ ಹುಚ್ಚು ನನ್ನದು.

ಲೇಹ್ ಬಹಳ ಎತ್ತರದ ಊರು, ವಿಮಾನ ಇಳಿದವರು ಎರಡು ದಿನ ಸುಮ್ಮನೆ ಮಲಗಬೇಕೆಂದು ವಸತಿಗೃಹದವರು ಹೇಳಿದ್ದರು. ನಾವು ಒಂದೇ ದಿನ ಮಲಗಿದೆವು. ಮರುದಿನ ಅಭ್ಯಾಸಕ್ಕಿಳಿದರೆ, ಮುನಿರಾಬಾದಿನಲ್ಲಿ ಗೆರೆಯ ಮೇಲೆ ಬೀಳುತ್ತಿದ್ದ ಹೊಡೆತಗಳೆಲ್ಲ ಹಿಂದಿನ ಬೇಲಿಗೇ ಹೋಗಿ ಬಡಿದವು. ಗಾಳಿ ತೆಳು, ಚೆಂಡಿಗೆ ತಡೆಯೇ ಇಲ್ಲ. ಅಣ್ಣಾರಿಗೆ ಅರ್ಧ ಗಂಟೆಯಲ್ಲಿ ಗುಟ್ಟು ತಿಳಿಯಿತು. “ತೋಳು ಪೂರಾ ಬೀಸಬ್ಯಾಡ್ರಿ, ಬರೇ ಮುಟ್ಟಿಸಿದ್ರ ಸಾಕು” ಎಂದರು. ಹಾಗೆ ಮುಟ್ಟಿಸುತ್ತಲೇ ಫೈನಲ್ ತಲುಪಿದೆವು.

ಫೈನಲ್ ದಿನ ಬೆಳಿಗ್ಗೆ ಅವರಿಗೆ ವಾಂತಿಯಾಯಿತು, ತಲೆ ಸಿಡಿಯುತ್ತಿದೆ ಎಂದರು. ನಮ್ಮ ಕಡೆ ತಲೆನೋವಿಗೂ ಪಿತ್ತ, ವಾಂತಿಗೂ ಪಿತ್ತ, ಕಣ್ಣು ಕತ್ತಲೆ ಬಂದರೂ ಪಿತ್ತ. ವಸತಿಗೃಹದವನು ಡಾಕ್ಟರನ್ನು ಕರೆಯಲೇ ಎಂದು ಕೇಳಿದ. ದೊಡ್ಡ ವೈದ್ಯ ನಾನು, ಬೇಡವೆಂದು ಹೇಳಿ ಲಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಕುಡಿಸಿದೆ.

ಮೊದಲ ಸೆಟ್ ಗೆದ್ದೆವು, ಎರಡನೆಯದು ಸೋತೆವು. ಬೆಂಚಿನ ಮೇಲೆ ಕುಳಿತ ಅಣ್ಣಾರ ತುಟಿ ಕಪ್ಪಿಟ್ಟಿತ್ತು. ಏದುಸಿರು ಬಿಡುತ್ತ ಕೇಳಿದರು, “ಸಾಕು ಮಾಡೂಣೇನ್ರಿ?”

“ಇನ್ನೊಂದ ಸೆಟ್ ಐತ್ರಿ ಅಣ್ಣಾರ. ಪಿತ್ತ ಅದು, ಇಳಿತೈತಿ” ಎಂದೆ.

ಅವರು ರಾಕೆಟ್ ಎತ್ತಿಕೊಂಡು ಎದ್ದರು. ನಾವು ಗೆದ್ದೆವು. ಕೈ ಕುಲುಕಲು ನೆಟ್ಟಿನ ಹತ್ತಿರ ಬಂದ ಅಣ್ಣಾರು ಅಲ್ಲೇ ಕುಸಿದರು. ಎತ್ತರದ ಊರಿನ ಕಾಯಿಲೆ, ಎದೆಯಲ್ಲಿ ನೀರು ತುಂಬಿದೆ, ಬೆಳಿಗ್ಗೆಯೇ ತರಬೇಕಿತ್ತು ಎಂದರು ಆಸ್ಪತ್ರೆಯಲ್ಲಿ. ಮರುದಿನ ಅವರು ತೀರಿಕೊಂಡರು.

ಕೊಪ್ಪಳದ ಮನೆಯಲ್ಲಿ ಅವರ ಹೆಂಡತಿ ಒಂದೇ ಮಾತು ಕೇಳಿದ್ದರು. “ಅವ್ರು ಸಾಕು ಅಂತ ಒಮ್ಮೆನರ ಅಂದಿದ್ರೇನ್ರಿ?”

“ಇಲ್ರಿ ವೈನಿ” ಎಂದುಬಿಟ್ಟೆ. ಹೆದರಿಕೆ, ಮತ್ತೇನಲ್ಲ. ಆಮೇಲೆ ವರ್ಷಕ್ಕೊಮ್ಮೆ ಅವರ ತಿಥಿಗೆ ಹೋದಾಗಲೆಲ್ಲ ವೈನಿ ಅದನ್ನೇ ಕೇಳುವರು, ನಾನು ಅದನ್ನೇ ಹೇಳುವೆ. ನಾಚಿಕೆಗೆಟ್ಟವನಂತೆ ಹೋಳಿಗೆ ಊಟ ಮಾಡಿ ಬರುವೆ.

ಈ ಸಲ ಮೂರನೆಯ ವರ್ಷ. ಅಂಕಣದಲ್ಲಿ ದನಿ ಕೇಳಿಸುವುದು ಹೆಚ್ಚಾಗಿತ್ತು, ನಿದ್ದೆ ಕೆಟ್ಟಿತ್ತು. ವೈನಿ ಕೇಳುವ ಮೊದಲೇ ಹೇಳಿದೆ, “ಸಾಕು ಮಾಡೂಣೇನು ಅಂತ ಅಣ್ಣಾರು ಕೇಳಿದ್ರು ವೈನಿ. ನಾನ ಬ್ಯಾಡ ಅಂದೆ.”

ಬೈಯುತ್ತಾರೆ, ಮನೆಯಿಂದ ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು.

“ಮೂರು ವರ್ಷ ಅವ್ರ ಮ್ಯಾಲೆ ಸಿಟ್ಟು ಮಾಡಿಕೊಂಡ ಕುಂತಿದ್ನಿ” ಎಂದರು. “ಹೆಂಡ್ತಿ ಮಕ್ಕಳು ನೆನಪಾಗಿ ಒಮ್ಮೆನೂ ಸಾಕು ಅನ್ನಲಿಲ್ಲಲ್ಲ ಈ ಮನಷ್ಯಾ, ಅಂತ.”