ಬ್ಯಾಟರಿಗೆ ಇಟ್ಟ ಕುಂಕುಮ

ದೊಡ್ಡಬಳ್ಳಾಪುರದ ಹಬೀಬುಲ್ಲಾ ಸಾಹೇಬರ ಹಳೆಯ ಕಾರು ನಮ್ಮೂರು ಮಧುರೆಯ ದಾರಿಗೆ ತಿರುಗಿದರೆ, ಕಾಣುವ ಮೊದಲೇ ಕೇಳುತ್ತಿತ್ತು. ನೆತ್ತಿಯ ಮೇಲೆ ಕಹಳೆಯಂಥ ಸ್ಪೀಕರು, ಹಿಂದಿನ ಸೀಟಿನಲ್ಲಿ ಆಂಪ್ಲಿಫೈಯರು, ಅದರ ಕೆಳಗೆ ಬ್ಯಾಟರಿ. ಟೂರಿಂಗ್ ಟಾಕೀಸಿನ ಪ್ರಚಾರಕ್ಕೂ ಅದೇ, ನಮ್ಮ ಶ್ರಾವಣ ಶನಿವಾರದ ಭಜನೆಗೂ ಅದೇ.

ಮೈಕ್‌ಸೆಟ್ಟು ಕೆಟ್ಟರೆ ಸಾಹೇಬರು ಕೂಡಲೇ ಸ್ಕ್ರೂ ಬಿಚ್ಚುತ್ತಿರಲಿಲ್ಲ. ಮೊದಲು ಕಿವಿಗೊಟ್ಟು ನಿಲ್ಲುವರು. ಗುಂಯ್ ಎಂದು ಒಂದೇ ಸಮ ಮೊರೆದರೆ ಅರ್ತಿಂಗ್ ತಂತಿ, ಕರಕರ ಎಂದರೆ ಮೈಕಿನ ಬೆಸುಗೆ, ಸದ್ದೇ ಇಲ್ಲದಿದ್ದರೆ ಫ್ಯೂಸು.

"ನೋವು ಎಲ್ಲಿ ಅಂತ ಅದೇ ಹೇಳ್ತದಮ್ಮ. ನಾವು ಸುಮ್ನಿರ್ಬೇಕು ಅಷ್ಟೆ," ಎನ್ನುತ್ತಿದ್ದರು. ದೇವರ ಮುಂದೆ ಕೂತಾಗ ನನಗೆ ಈಗಲೂ ಆ ಮಾತು ನೆನಪಾಗುತ್ತದೆ.

ಎಪ್ಪತ್ಮೂರನೇ ಇಸವಿಯ ಶ್ರಾವಣ. ನಮ್ಮ ಅತ್ತೆ ಮುನಿತಾಯಮ್ಮ ಮೊದಲ ಸಲ ಮೈಕಿನಲ್ಲಿ ಹಾಡುವವರಿದ್ದರು. ಮಾವ ತೀರಿಕೊಂಡ ಮೇಲೆ ಅವರ ಹಾಡು ಅಡುಗೆಮನೆ ದಾಟಿರಲಿಲ್ಲ. ಚಾರ್ಜ್ ಮಾಡಿಸಿ ತಂದ ಬ್ಯಾಟರಿ ನಮ್ಮ ಜಗಲಿಯಲ್ಲಿತ್ತು. ಅದರ ಮೇಲೆ ಎದ್ದು ನಿಂತ, ತಂತಿ ಬಿಗಿಯುವ ಎರಡು ಸೀಸದ ಗುಬುಟುಗಳಿಗೆ ಅತ್ತೆ, ಎತ್ತಿನ ಕೊಂಬಿಗೆ ಹಚ್ಚುವಂತೆ, ಅರಿಶಿನ ಕಲಸಿ ಹಚ್ಚಿ ಕುಂಕುಮವಿಟ್ಟು ಕೈಮುಗಿದರು. ಹೊರಡುವ ಗಡಿಬಿಡಿಯಲ್ಲಿ ಸಾಹೇಬರು ಅದರ ಮೇಲೆಯೇ ತಂತಿ ಬಿಗಿದರು.

ಸಂಜೆ ಭಜನೆಯಲ್ಲಿ ಅತ್ತೆ ಮೆಲ್ಲಗೆ ಶುರು ಮಾಡಿದಾಗ ಎಲ್ಲ ಸರಿಯಿತ್ತು. ದನಿ ಎತ್ತಿದರು, ಸ್ಪೀಕರು ಒಡಕಾಗಿ ಕೂಗಿ ನಿಂತುಹೋಯಿತು.

"ಕುಂಕುಮ ಇಡೋಕೆ ಊರಲ್ಲಿ ಮುತ್ತೈದೇರು ಇರ್ಲಿಲ್ವಾ? ನಾನು ಬೆಳಿಗ್ಗೇನೇ ಅಂದೆ," ಎಂದ ತಾಳದ ಲಕ್ಷ್ಮಯ್ಯ.

"ನಿನ್ನ ಬಾಯಿಗೆ ಮೈಕೇ ಬೇಡ ಬಿಡ್ಲಾ," ಎಂದಳು ಪಕ್ಕದ ಮನೆಯ ಅಕ್ಕಯಮ್ಮ.

ಜನ ನಕ್ಕರು. ಅತ್ತೆ ಮೈಕು ಕೆಳಗಿಟ್ಟು ಸೆರಗು ಹೊದ್ದುಕೊಂಡರು. ಈಗ ಎದ್ದು ಹೋದರೆ ಇನ್ನೆಂದೂ ಹಾಡುವವರಲ್ಲ ಎಂದು ನನಗೆ ಗೊತ್ತಿತ್ತು.

ಸಾಹೇಬರು ಮೈಕಿನ ತಂತಿ ಅಲ್ಲಾಡಿಸಿದರು. ಫ್ಯೂಸು ನೋಡಿದರು, ಸರಿಯಾಗಿತ್ತು.

"ಅಮ್ಮ, ಇನ್ನೊಂದ್ಸಲ ದನಿ ಎತ್ತಿ."

ಅತ್ತೆ ಎತ್ತಿದಾಗ ಆಂಪ್ಲಿಫೈಯರಿನ ಪುಟ್ಟ ದೀಪ ಮಂಕಾಯಿತು, ನಿಲ್ಲಿಸಿದಾಗ ಮತ್ತೆ ಬೆಳಗಿತು. ಸಾಹೇಬರು ಬಗ್ಗಿ ಬ್ಯಾಟರಿಯ ತಂತಿ ಬಿಚ್ಚಿದರು. ಒಣಗಿದ ಅರಿಶಿನ ಕುಂಕುಮ ಕರೆಂಟಿಗೆ ಅಡ್ಡ ಕೂತಿತ್ತು. ಅದನ್ನು ಕಂಡವಳು ಪಕ್ಕದಲ್ಲಿದ್ದ ನಾನೊಬ್ಬಳೇ. ಅವರು ನನ್ನ ಮುಖ ನೋಡಿದರು. ಬ್ಲೇಡಿನಿಂದ ಕೆರೆದು, ಕರವಸ್ತ್ರದಿಂದ ಒರೆಸಿ, ಕೆಂಪಾದ ಕರವಸ್ತ್ರವನ್ನು ಜೇಬಿಗೆ ತುರುಕಿಕೊಂಡರು.

"ಏನಾಗಿತ್ತು ಸಾಬ್ರೇ?" ಲಕ್ಷ್ಮಯ್ಯ ಕೇಳಿದ.

"ನಂದೇ ತಪ್ಪಪ್ಪಾ, ತಂತಿ ಸಡಿಲ ಬಿಟ್ಟಿದ್ದೆ. ನೀನು ತಾಳ ಸಡಿಲ ಬಿಡ್ಬೇಡ."

ಅಂದು ಅತ್ತೆಯ ದನಿ ಕೆರೆಯ ಏರಿಯನ್ನೂ ದಾಟಿ ಹೋಯಿತು.

ಮುಂದಿನ ಶ್ರಾವಣದಲ್ಲಿ ಸಾಹೇಬರೇ ಆಂಪ್ಲಿಫೈಯರನ್ನು ನಮ್ಮ ಜಗಲಿಗೆ ತಂದಿಟ್ಟು ಕರೆದರು. "ಅಮ್ಮ, ಕುಂಕುಮ ತನ್ನಿ. ಇಲ್ಲಿಡಿ," ಎಂದು ಅದರ ಮುಚ್ಚಳ ತೋರಿಸಿದರು.

"ಬ್ಯಾಟರಿಗೆ ಬೇಡ್ವಾ?"

"ಅದಕ್ಕೆ ಹೋದ್ವರ್ಷ ಇಟ್ಟಿದ್ದೇ ಸಾಕಮ್ಮ."

ಅತ್ತೆ ಮುಚ್ಚಳಕ್ಕೆ ದೊಡ್ಡದಾಗಿ ಕುಂಕುಮವಿಟ್ಟರು. ಸಾಹೇಬರು ಅದು ಅಳಿಸದ ಹಾಗೆ ಆಂಪ್ಲಿಫೈಯರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕಾರಿನಲ್ಲಿಟ್ಟರು.