ಬಂದರಿನ ಟೀಮು

ಮದುವೆಯಾಗಿ ಮಸ್ಕತ್ತಿಗೆ ಬಂದ ಮೊದಲ ತಿಂಗಳು ನಾನೊಂದು ಪೆದ್ದು ಮಾತು ಆಡಿದೆ. ಗಂಡ ಸುಬಹಿ ನಮಾಝ್ ಮುಗಿಸಿ ಬಂದವರೇ ಟೀವಿ ಹಾಕಿ, ನೀಲಿ ಹಳದಿ ಅಂಗಿಯವರು ಚೆಂಡಿನ ಹಿಂದೆ ಓಡುವುದನ್ನು ನೋಡುತ್ತಿದ್ದರು. ಅಲ್ಲಿ ಅದು ರಾತ್ರಿಯ ಆಟ, ನಮಗೆ ಬೆಳಗಿನ ಚಾ. ಯಾರಿವರು ಎಂದು ಕೇಳಿದೆ. ಬಂದರಿನ ಹುಡುಗರು ಕಟ್ಟಿದ ಟೀಮು ಎಂದರು. ನನ್ನ ಉಪ್ಪನಿಗೆ, ಅಂದರೆ ತಂದೆಗೆ, ಮಂಗಳೂರಿನ ಬಂದರಿನಲ್ಲಿ ಒಣಮೀನಿನ ಅಂಗಡಿ. ನಮ್ಮವರಿಗೆ ಬಂದರು ಎಂದರೆ ಅದೊಂದೇ, ಪ್ರಪಂಚದಲ್ಲಿ ಬೇರೆ ಬಂದರು ಇಲ್ಲ.

"ಹಾಗಾದ್ರೆ ನನ್ನ ಉಪ್ಪನಿಗೆ ಅವರ ಗುರ್ತ ಉಂಟು," ಎಂದೆ, ತುಸು ಜಂಬದಿಂದಲೇ.

ಅವರು ನಕ್ಕ ನಗುವಿಗೆ ಚಾ ಮೂಗಿಗೆ ಹತ್ತಿತು.

ಅದು ಅರ್ಜೆಂಟೀನಾದ ಬಂದರಂತೆ. ಆ ಕ್ಲಬ್ಬಿನ ಹೆಸರಿಗೆ ನನ್ನ ನಾಲಗೆ ಇವತ್ತಿಗೂ ತಿರುಗುವುದಿಲ್ಲ, ಚರಿತ್ರೆ ಮಾತ್ರ ಬಾಯಿಪಾಠ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಈ ಕಥೆಗೆ ಮಾತ್ರ ಅವರು ಕನ್ನಡಕ್ಕೆ ಹೊರಳುತ್ತಿದ್ದರು, ಶಾಲೆಯ ದಿನಗಳಲ್ಲಿ ಕನ್ನಡ ಪೇಪರಿನಲ್ಲಿ ಓದಿದ್ದು ಎಂಬ ಮರ್ಯಾದೆಗೆ. ನೂರು ವರ್ಷಕ್ಕೂ ಹಿಂದೆ, ಇಟಲಿಯಿಂದ ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದವರ ಮಕ್ಕಳು ಸೇರಿ ಟೀಮು ಕಟ್ಟಿದರು. ಅಂಗಿಗೆ ಯಾವ ಬಣ್ಣ ಎಂಬ ಜಗಳ ಹರಿಯಲಿಲ್ಲ. ಕೊನೆಗೆ, ಬಂದರಿಗೆ ಮೊದಲು ಬರುವ ಹಡಗಿನ ಬಾವುಟದ ಬಣ್ಣವೇ ನಮ್ಮದು ಎಂದು ಕಾದು ಕುಳಿತರು. ಬಂದದ್ದು ಸ್ವೀಡನ್ನಿನ ಹಡಗು. ನೀಲಿ, ಹಳದಿ. 'ಹೊಟ್ಟೆಪಾಡಿಗೆ' ಎನ್ನುವಲ್ಲಿ ಅವರ ದನಿ ಸ್ವಲ್ಪ ಇಳಿಯುತ್ತಿತ್ತು.

ಹಮ್ರಿಯಾದ ನಮ್ಮ ಫ್ಲಾಟಿಗೆ ಪರದೆಯ ಬಣ್ಣ ಆರಿಸಿ ಎಂದರೆ ಮಹಾಶಯರು ನನ್ನನ್ನು ಮತ್ರಾದ ಕಡಲ ದಂಡೆಗೆ ಕರೆದೊಯ್ದು ಹಡಗು ಕಾಯಿಸಿದರು. ಎರಡು ಗಂಟೆ ಸುಡುಬಿಸಿಲು. ಬಂದ ಹಡಗಿನ ಬಾವುಟ ಅಷ್ಟು ದೂರದಿಂದ ಕಾಣಲಿಲ್ಲ. ಹಸಿರು ಎಂದು ಬುರುಡೆ ಬಿಟ್ಟೆ. ರೂವಿಯ ಅಂಗಡಿಯಲ್ಲಿ ನಾನು ಮೊದಲೇ ನೋಡಿಟ್ಟದ್ದು ಹಸಿರು. ಅವರು ನಂಬಿದರು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ನನಗಿರುವುದು ಒಂದೇ ಆಸೆ, ಆ ಕಥೆಯನ್ನು ಅವರ ಬಾಯಿಂದ ಇನ್ನೊಮ್ಮೆ ಕೇಳಬೇಕು. ಇದ್ದಾಗ, ಖಲಾಸ್, ಎಷ್ಟು ಸಲ ಹೇಳುತ್ತೀರಿ ಎಂದು ಬಾಯಿ ಮುಚ್ಚಿಸಿದವಳೂ ನಾನೇ. ಹಲ್ಲಿದ್ದಾಗ ಕಡಲೆಯಿಲ್ಲ ಎನ್ನುವ ಹಾಗೆ, ಕೇಳುವ ಪುರುಸೊತ್ತು ಬಂದಾಗ ಹೇಳುವವರಿಲ್ಲ. ಫೋನಿನಲ್ಲಿ ಅವರ ದನಿ ಹುಡುಕಿದೆ. ಈರುಳ್ಳಿ ತರಬೇಕಾ ಎಂದದ್ದು ಸಿಕ್ಕಿತು, ಲೇಟಾಗುತ್ತದೆ ಎಂದದ್ದು ಸಿಕ್ಕಿತು. ಕಥೆ ಸಿಗಲಿಲ್ಲ. ನಾನೇ ಹೇಳಿಕೊಂಡರೆ ಅದು ಬರೀ ಸುದ್ದಿ.

ಕಳೆದ ತಿಂಗಳು, ಮಗಳ ಕಾಲೇಜಿಗೆ ಹತ್ತಿರವಾಗಲೆಂದು ಅಲ್ ಖೌದ್‌ಗೆ ಮನೆ ಬದಲಿಸುವಾಗ ಕಪಾಟಿನ ತಳದಲ್ಲಿ ಅವರ ನೀಲಿ ಹಳದಿ ಅಂಗಿ ಸಿಕ್ಕಿತು. ಮಗಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಇದರ ಕಥೆ ನಿನ್ನ ಉಪ್ಪ ನಿನಗೆ ಹೇಳಿದ್ದುಂಟಾ ಎಂದೆ. ಶಾಲೆಗೆ ಬಿಡುವಾಗ ಕಾರಿನಲ್ಲಿ ಎಷ್ಟೋ ಸಲ ಹೇಳಿದ್ದಾರೆ ಎಂದು, ಕನ್ನಡದಲ್ಲಿ ಶುರು ಮಾಡಿದಳು. ಅವರದೇ ಎಳೆತ. ಹಡಗು ಬರುವ ಮೊದಲು ಅವರು ಸುಮ್ಮನಾಗುವ ಕಡೆಯಲ್ಲೇ ಅವಳೂ ಸುಮ್ಮನಾದಳು. ಹಸಿರು ಪರದೆ ಮಡಚುತ್ತಿದ್ದ ನನ್ನ ಕೈ ನಿಂತುಬಿಟ್ಟಿತು.

ಆದರೆ ಅವಳ ಕಥೆಯ ಹುಡುಗರು ಕೂತದ್ದು ಮಂಗಳೂರಿನ ಬಂದರಿನಲ್ಲಿ. ಬೆಂಗ್ರೆಗೆ ಹೋಗುವ ದೋಣಿ, ಒಣಮೀನಿನ ಮೂಟೆ, ಎಲ್ಲ ಇತ್ತು.

"ಹಡಗು ದೂರ ಇತ್ತಲ್ಲ ಉಮ್ಮಾ, ಬಾವುಟ ಯಾರಿಗೂ ಕಾಣ್ಲಿಲ್ಲ. ಅಂಗಡಿಯವರ ಮಗಳೊಬ್ಳು ಬಂದು ನೀಲಿ, ಹಳದಿ ಅಂದ್ಳಂತೆ. ಅವಳು ಹೇಳಿದ್ದು ಸುಳ್ಳು ಅಂತ ಅವರಿಗೆ ಗೊತ್ತಿತ್ತಂತೆ. ಆದ್ರೂ ಅದೇ ಬಣ್ಣ ಇಟ್ಕೊಂಡ್ರಂತೆ."

ಅರ್ಧ ಮಡಚಿದ ಹಸಿರು ಪರದೆಯನ್ನು ಮಡಿಲಿಗೆ ಎಳೆದುಕೊಂಡೆ. ಇದೆಲ್ಲ ನಿಜವಾ ಎಂದು ಅವಳು ಕೇಳಿದಳು. ಅರ್ಜೆಂಟೀನಾ ಎನ್ನಲು ಬಾಯಿ ತೆರೆದೆ.

"ನಿಜವೇ," ಎಂದೆ. "ನಿನ್ನ ಅಜ್ಜನಿಗೆ ಅವರ ಗುರ್ತ ಉಂಟು."